ಹಾಳೆ ಕೇಳಿ ಬರೆದ ಕಾರ್ಡು

ನಾನು ಜಿಪುಣನೆಂಬುದು ಮದುವೆಯಾಗುವವರೆಗೆ ನನಗೆ ಗೊತ್ತಿರಲಿಲ್ಲ. ಅದುವರೆಗೆ ನನ್ನನ್ನು ನಾನು ಕಲಾವಿದನೆಂದೇ ತಿಳಿದಿದ್ದೆ. ಪುತ್ತೂರಿನ ಶಾಲೆಯೊಂದರ ಒಂದನೆಯ ತರಗತಿಯ ಮಾಸ್ತರನಿಗೆ ಇವೆರಡರ ನಡುವಿನ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಕೊಳ್ಳಲಾಗದ್ದನ್ನು ಕೈಯಾರೆ ಮಾಡಿಕೊಳ್ಳುವುದು ಕಲೆ, ಕೊಳ್ಳಬಹುದಾದದ್ದನ್ನೂ ಕೈಯಾರೆ ಮಾಡಿಕೊಳ್ಳುವುದು ಜಿಪುಣತನ. ನಾನು ಎರಡನ್ನೂ ಒಂದೇ ಕತ್ತರಿಯಲ್ಲಿ ಮಾಡುತ್ತಿದ್ದೆ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಸರಕಾರ ಬದಲಾದರೂ ಮಾಸ್ತರರ ಗೋಡೆ ಬದಲಾಗಿರಲಿಲ್ಲ. ಭಾಗೀರಥಿ ಮದುವೆಯಾಗಿ ಬಂದ ವಾರದಲ್ಲೇ ನಮ್ಮ ಬಾಡಿಗೆ ಮನೆಯನ್ನು ಒಮ್ಮೆ ಸುತ್ತಿ ನೋಡಿ, "ಇದೆಂತ, ಗೋಡೆಯೆಲ್ಲ ಹೀಗೆ ಬೋಳು ಬೋಳು?" ಎಂದಳು. ಪಾಪ, ಅವಳು ಸುಮ್ಮನೆ ಕೇಳಿದ್ದು. ನಾನು ಸವಾಲೆಂದು ತಿಳಿದೆ.

ಅವಳ ಹಳೆಯ ಸೀರೆಯೊಂದು ಕಿಟಕಿಗೆ ಪರದೆಯಾಯಿತು. ಪಕ್ಕದ ಮನೆಯ ಟೈಲರ್ ಐತಪ್ಪ ಎಸೆಯಲೆಂದು ಇಟ್ಟಿದ್ದ ಬಟ್ಟೆಯ ಚೂರುಗಳು ಆ ಪರದೆಗೆ ಅಂಚಾದವು. ಶಾಲೆಯ ಖಾಲಿ ಶಾಯಿ ಬಾಟಲಿಗಳು ತೆಂಗಿನ ನಾರು ಸುತ್ತಿಸಿಕೊಂಡು ಹೂದಾನಿಗಳಾದವು. ಸಿಗರೇಟು ಪೆಟ್ಟಿಗೆಯ ಬೆಳ್ಳಿ ಕಾಗದದಲ್ಲಿ ಒಂದು ನವಿಲು ಮಾಡಿದೆ. ಸಿಗರೇಟು ಸೇದದ ನಾನು ಆ ಕಾಗದಕ್ಕಾಗಿ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಸರಿಮಾಡುವ ನೆಪದಲ್ಲಿ ಎಷ್ಟು ಸಲ ಬಗ್ಗಿದ್ದೇನೆಂಬುದನ್ನು ಇಲ್ಲಿ ಹೇಳುವುದಿಲ್ಲ. ಬೀಡಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಲಕ್ಷ್ಮಿಗೆ ಚೌಕಟ್ಟು ಹಾಕಿ, ಕೆಳಗಿನ ಜಾಹೀರಾತಿಗೆ ಬಂಗಾರದ ಬಣ್ಣದ ಕಾಗದ ಅಂಟಿಸಿದೆ. ಮಳೆಗಾಲದ ತೇವಕ್ಕೆ ಗೋಂದು ಬಿಟ್ಟು ದೇವಿಯ ಪಾದದ ಬುಡದಲ್ಲಿ ಬೀಡಿಯ ಕಟ್ಟು ಮೆಲ್ಲನೆ ಇಣುಕತೊಡಗಿತು. ಭಾಗೀರಥಿ ದಿನಾ ಅದಕ್ಕೂ ಸೇರಿಸಿಯೇ ಊದುಬತ್ತಿ ಹಚ್ಚುತ್ತಿದ್ದಳು.

ನಮ್ಮ ಗೋಡೆಗಳು ಮುಗಿದ ಮೇಲೆ ಉಳಿದದ್ದು ಊರವರ ಗೋಡೆಗಳು. ಹೀಗೆ ನಾನು ದಾನಕ್ಕೆ ತೊಡಗಿದೆ. ಶಾಸ್ತ್ರದಲ್ಲಿ ದಶದಾನಗಳೆಂದು ಹೇಳಿದ್ದಾರೆ. ಗೋವು, ಭೂಮಿ, ಎಳ್ಳು, ಚಿನ್ನ ಎಂದು ಹೊರಟು ಬೆಲ್ಲ, ಉಪ್ಪಿಗೂ ಅಲ್ಲಿ ಜಾಗ ಕೊಟ್ಟಿದ್ದಾರೆ. ಕೊಟ್ಟವನಿಗೆ ಇಡಲು ಜಾಗವಿಲ್ಲದ, ಪಡೆದವನಿಗೆ ಬಿಸಾಡಲು ಧೈರ್ಯವಿಲ್ಲದ ವಸ್ತುವಿನ ದಾನಕ್ಕೆ ಮಾತ್ರ ಅವರು ಹೆಸರಿಟ್ಟಿಲ್ಲ. ಮದುವೆ, ಉಪನಯನಗಳಿಗೆ ನಾನು ಕೊಡುತ್ತಿದ್ದದ್ದು ಅದನ್ನೇ. "ನೀವೇ ಮಾಡಿದ್ದಾ?" ಎಂದು ಜನ ಕೇಳುವಾಗ ನಾನು ಉಬ್ಬಿಹೋಗುತ್ತಿದ್ದೆ. ಅದು ಹೊಗಳಿಕೆಯಲ್ಲ, ಬರಿಯ ಪ್ರಶ್ನೆ ಎಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಮದುವೆಯಾದ ನಾಲ್ಕನೆಯ ವರ್ಷ ಇಚಿಲಂಪಾಡಿಯಲ್ಲಿ ನನ್ನ ಅಣ್ಣ ಹೊಸ ಮನೆ ಕಟ್ಟಿಸಿದ. ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನೆಂಟರೆಲ್ಲ ಹಿತ್ತಾಳೆ, ಕಂಚು ತರುವವರು. ಸ್ವಂತ ತಮ್ಮ ಶಾಯಿ ಬಾಟಲಿ ಹಿಡಿದುಕೊಂಡು ಹೋಗುವುದು ಹೇಗೆ? ಯೋಚಿಸಿ ಯೋಚಿಸಿ ನನಗೊಂದು ಉಪಾಯ ಹೊಳೆಯಿತು. ಅಡಿಕೆಯ ಸೋಗೆ ಒಣಗಿ ಉದುರುವಾಗ ಅದರ ಬುಡದಲ್ಲಿ ತೊಗಲಿನಂತೆ ಅಗಲವಾದ ಹಾಳೆ ಇರುತ್ತದಲ್ಲ, ಅದನ್ನು ನೆನೆಸಿ, ಕಲ್ಲಿನಡಿಯಲ್ಲಿಟ್ಟು ಚಪ್ಪಟೆ ಮಾಡಿ, ಕತ್ತರಿಸಿ ಹೊಲಿದು, ಗೋಡೆಗೆ ತೂಗುಹಾಕುವ ಕಾಗದಪತ್ರದ ಚೀಲ ಮಾಡುವುದು. ಬಂದ ಪತ್ರಗಳನ್ನು ಅದರಲ್ಲಿ ಸಿಕ್ಕಿಸಿಡಬಹುದು. ಅಣ್ಣನಿಗೆ ವರ್ಷಕ್ಕೆ ನಾಲ್ಕು ಪತ್ರ ಬಂದರೆ ಹೆಚ್ಚು. ಆದರೆ ಕಲೆ ಉಪಯೋಗವನ್ನು ನೋಡಿಕೊಂಡು ಹುಟ್ಟುವುದಿಲ್ಲ.

ಹಾಳೆಗೆ ಕೆದಂಬಾಡಿಯಲ್ಲಿ ಅತ್ತೆಯ ಮನೆಯ ತೋಟ ಇದ್ದೇ ಇತ್ತು. ಒಂದು ಕಾರ್ಡು ಬರೆದೆ: "ಅತ್ತೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಅಗಲವಾದ, ಸೀಳಿಲ್ಲದ, ಒಳ್ಳೆಯ ಮೆತ್ತನೆಯ ಹಾಳೆ ಮೂರು ಬೇಕಾಗಿದೆ. ಮಳೆ ಹಿಡಿಯುವ ಮೊದಲೇ ತೆಗೆದಿಡಬೇಕು. ಕಾರಣ ಎದುರಲ್ಲಿ ಹೇಳುತ್ತೇನೆ. ಸದ್ಯ ಯಾರಿಗೂ ತಿಳಿಸಬೇಡಿ."

ಉಡುಗೊರೆಯ ಗುಟ್ಟು ಅಣ್ಣನಿಗೆ ಮೊದಲೇ ತಿಳಿಯಬಾರದೆಂದು ಹಾಗೆ ಬರೆದದ್ದು. ಯಾರಿಗೂ ತಿಳಿಸಬೇಡಿ ಎಂಬುದನ್ನು ಕಾರ್ಡಿನಲ್ಲಿ ಬರೆಯುವವನು ಎಂಥವನೆಂದು ನೀವೇ ಊಹಿಸಿಕೊಳ್ಳಿ. ಲಕೋಟೆಯಾದರೆ ಅಂಟಿಸಿರುತ್ತದೆ. ಕಾರ್ಡು ಅಗ್ಗ, ಆದ್ದರಿಂದ ಅದು ಊರಿನ ಆಸ್ತಿ. ಕೆದಂಬಾಡಿಯ ದಾರಿಯಲ್ಲಿ ಅದನ್ನು ಅಂಚೆಯವನು ಓದಿದ, ಅಂಚೆಯವನು ಬೀಡಿ ಹಚ್ಚಲು ಕೂತ ಅಂಗಡಿಯವನು ಓದಿದ, ಅಂಗಡಿಗೆ ಬಂದವರಿಗೆ ಅವನು ಓದಿ ಹೇಳಿದ. ಓದು ಬಾರದ ಅತ್ತೆಗೆ ಅದು ತಲುಪಿದ್ದು ಎಲ್ಲರಿಗಿಂತ ಕೊನೆಗೆ, ಅದೂ ಅಭಿನಂದನೆಗಳ ಜೊತೆಗೆ.

ಮೂರನೆಯ ದಿನ ಬೆಳಗ್ಗಿನ ಬಸ್ಸಿನಲ್ಲಿ ಅತ್ತೆಯೇ ಬಂದಿಳಿದರು. ಕಂಕುಳಲ್ಲಿ ಸುರುಳಿ ಸುತ್ತಿದ ಹಾಳೆಗಳು, ಒಂದು ಕೈಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಭಾಗೀರಥಿ ಬೆಲ್ಲ ನೀರು ತಂದಿಟ್ಟು, ಕಾಲು ತೊಳೆಯಲು ನೀರು ಸೇದಲೆಂದು ಕೊಡಪಾನ ಎತ್ತಿಕೊಂಡಳು.

"ಕೊಡಪಾನ ಕೆಳಗಿಡು ಭಾಗೀ. ನೀನಿನ್ನು ಬಾವಿಗೆ ಹೋಗುದು ಬೇಡ" ಎಂದ ಅತ್ತೆ ನನ್ನತ್ತ ತಿರುಗಿದರು. "ನೀವು ಮನೆಯಲ್ಲಿದ್ದೂ ಇವಳ ಹತ್ರ ನೀರು ಎಳೆಸುದಾ?"

"ಎಂತ ಆಯ್ತಮ್ಮ?"

"ಎಂತ ಆಯ್ತಾ? ನಿನ್ನ ಗಂಡ ಕಾರ್ಡು ಬರೆದಿದ್ದಾರಲ್ಲ. ಎಷ್ಟನೇ ತಿಂಗಳು? ನನ್ನ ಹತ್ರವೂ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

ಈಗ ನಿಮಗೆ ಹೇಳಬೇಕು. ನಮ್ಮ ಕಡೆ ಹುಟ್ಟಿದ ಮಗುವನ್ನು ಮೀಯಿಸುವುದು ಹಾಳೆಯಲ್ಲಿ ಮಲಗಿಸಿ. ಅಗಲವಾದ, ಸೀಳಿಲ್ಲದ, ಮೆತ್ತನೆಯ ಹಾಳೆಯನ್ನೇ ಹುಡುಕಿ ಮೊದಲೇ ತೆಗೆದಿಡುತ್ತಾರೆ. ಕೂಸಿನ ಮನೆಯವರು ಬಿಟ್ಟರೆ ಹಾಳೆಗೆ ಇಷ್ಟೆಲ್ಲ ವಿಶೇಷಣ ಹಚ್ಚುವವರು ಬೇರೆ ಇಲ್ಲ. ನಾನೇನು ಘಟ್ಟದ ಮೇಲಿನಿಂದ ಬಂದವನಲ್ಲ, ಹಾಳೆಯಲ್ಲೇ ಮಿಂದು ದೊಡ್ಡವನಾದವನು. ಆದರೆ ಕತ್ತರಿ ಕೈಗೆ ಬಂದ ಮೇಲೆ ಜಗತ್ತಿನ ವಸ್ತುಗಳೆಲ್ಲ ನನಗೆ ಕಚ್ಚಾ ಸಾಮಗ್ರಿಯಾಗಿಯೇ ಕಾಣುತ್ತಿದ್ದವು. ನಾಲ್ಕು ವರ್ಷಗಳಿಂದ ಭಾಗೀರಥಿ ಯಾವ ಮದುವೆ ಮನೆಗೆ ಹೋದರೂ ಯಾರಾದರೊಬ್ಬರು "ಎಂತ, ವಿಶೇಷ ಉಂಟಾ?" ಎಂದು ಕೇಳುವುದು, ಅವಳು ನಕ್ಕು ಅಡುಗೆಮನೆಗೆ ಸರಿಯುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಾರ್ಡು ಬರೆದಿದ್ದೆ.

ಭಾಗೀರಥಿ ನನ್ನ ಮುಖ ನೋಡಿದಳು. ನಾನು ಹಾಳೆಯ ಸುರುಳಿಯನ್ನು ನೋಡಿದೆ. ಕೊನೆಗೆ ಅವಳೇ ಹೇಳಿದಳು: "ಹಾಗಲ್ಲಮ್ಮ. ಭಾವನ ಹೊಸ ಮನೆಗೆ ಉಡುಗೊರೆ ಕೊಡ್ಲಿಕ್ಕೆ ಉಂಟಲ್ಲ, ಅದಕ್ಕೆ ಇವರಿಗೆ ಹಾಳೆ ಬೇಕಿತ್ತು. ಗೋಡೆಗೆ ನೇತು ಹಾಕುವ ಚೀಲ ಮಾಡ್ತಾರಂತೆ."

ಅತ್ತೆ ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿದರು. ಆಮೇಲೆ, "ಹಾಗಾದ್ರೆ ಕತ್ತರಿ ತನ್ನಿ. ನಾನು ಬಂದದ್ದು ದಂಡ ಆಗುದು ಬೇಡ" ಎಂದು ಜಗಲಿಯಲ್ಲೇ ಕೂತು, ನನಗಿಂತ ಚೆನ್ನಾಗಿ ಎರಡು ಹಾಳೆಗಳನ್ನು ಕತ್ತರಿಸಿಕೊಟ್ಟರು. ಮೂರನೆಯದಕ್ಕೆ ನಾನು ಕೈಚಾಚಿದಾಗ ಹಿಂದಕ್ಕೆಳೆದುಕೊಂಡರು. ಅದು ಮೂರರಲ್ಲಿ ಅಗಲವಾದದ್ದು.

"ಇದು ಇರ್ಲಿ. ಇದಕ್ಕೆ ಕತ್ತರಿ ಹಾಕ್ಬೇಡಿ" ಎಂದು ತಾವೇ ಅಟ್ಟಕ್ಕೆ ಏರಿಸಿದರು.

ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸಿ ಬಂದಾಗ ಭಾಗೀರಥಿ ಬಟ್ಟೆಯ ಗಂಟು ಬಿಚ್ಚಿಕೊಂಡು ಕೂತಿದ್ದಳು. ಒಳಗಿದ್ದದ್ದು ಹಳೆಯ ಸೀರೆಗಳನ್ನು ಹರಿದು, ಒಗೆದು, ಮೆತ್ತಗೆ ಮಾಡಿದ ತುಂಡುಗಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ತಲೆ ಎತ್ತದೆ, "ಇದರಲ್ಲಿ ಪರದೆ ಮಾಡ್ಬೇಡಿ ಮಾರಾಯ್ರೆ" ಎಂದಳು. ಆ ದಿನದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ದುಃಖವೂ ಆಯಿತು, ನನ್ನದಲ್ಲ, ಅವಳದ್ದು.

ಹಾಳೆಯ ಚೀಲವೇನೋ ಇಚಿಲಂಪಾಡಿಗೆ ಹೋಯಿತು. ಮರುವರ್ಷ ನಾನು ಹೋದಾಗ ಅತ್ತಿಗೆ ಅದರಲ್ಲಿ ಒಲೆಯ ಬೂದಿ ತುಂಬಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದರು. "ಎಷ್ಟು ಅನುಕೂಲ ಆಯ್ತು ಮಾರಾಯ!" ಎಂದ ಅಣ್ಣ. ನನ್ನ ಉಡುಗೊರೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ, ಆದ್ದರಿಂದ ನಾನೂ ಸಂತೋಷಪಟ್ಟೆ.

ಅಟ್ಟದ ಹಾಳೆ ಅಲ್ಲೇ ಇತ್ತು. ಎರಡು ವರ್ಷ ಕಳೆದ ಮೇಲೆ, ಜಡಿಮಳೆಯ ಆಟಿ ತಿಂಗಳ ಒಂದು ಬೆಳಗ್ಗೆ ಐತಪ್ಪ ಜಗಲಿಯ ಕೆಳಗೆ ನಿಂತು ತಲೆ ತುರಿಸಿಕೊಂಡ. ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿದೆ, ಹೆಣ್ಣು ಮಗು, ಆ ಮಳೆಯಲ್ಲಿ ಹೊರಗೆ ಬಿದ್ದ ಹಾಳೆಗಳೆಲ್ಲ ಬೂಸಲು ಹಿಡಿದಿವೆ. "ಮಾಸ್ಟ್ರೆ, ನಿಮ್ಮಲ್ಲಿ ಒಂದು ಹಾಳೆ ಉಂಟಾ?" ಎಂದ. ಇಲ್ಲವೆನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಳಗೆ ಸ್ಟೂಲು ಎಳೆಯುವ ಸದ್ದು ಕೇಳಿತು. ಭಾಗೀರಥಿ ಹಾಳೆಯನ್ನು ಇಳಿಸಿ, ಒರೆಸಿ, ಆ ಸೀರೆಯ ತುಂಡುಗಳನ್ನೂ ಮೇಲಿಟ್ಟು ತಾನೇ ಕೊಂಡುಹೋದಳು. ಮಗು ಮೀಯುವುದನ್ನು ನೋಡಿ, ಒದ್ದೆ ಸೆರಗಿನಲ್ಲಿ ನಗುತ್ತಾ ಬಂದಳು.

ಮುಂದಿನ ಬೇಸಿಗೆಯಲ್ಲಿ ಅತ್ತೆ ಬಂದರು. ಅಟ್ಟದತ್ತ ಒಮ್ಮೆ ನೋಡಿದರು, ಏನೂ ಕೇಳಲಿಲ್ಲ. ಅದರ ಮುಂದಿನ ವರ್ಷದಿಂದ ಎರಡೆರಡು ಹಾಳೆ ತರತೊಡಗಿದರು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಹಾಳೆಗೆ ಭಾಗೀರಥಿಯಕ್ಕನ ಮನೆ ಎಂದಾಯಿತು. ನಮಗೆ ಮಕ್ಕಳಾಗಲಿಲ್ಲ. ಆದರೆ ಈಗ ಓಣಿಯಲ್ಲಿ ಆಡುವ ಮಕ್ಕಳಲ್ಲಿ ಐದಾರು ಮಂದಿ ನಮ್ಮ ಹಾಳೆಯಲ್ಲಿ ಮಿಂದವರು. ಈ ವರ್ಷ ನನ್ನ ತರಗತಿಗೆ ಬಂದ ಐತಪ್ಪನ ಮಗಳು ಮಗ್ಗಿ ತಪ್ಪಿದರೆ ನನಗೆ ಗದರಿಸಲು ಧೈರ್ಯವಿಲ್ಲ. ಅವಳು ಸಂಜೆ ನೇರವಾಗಿ ನಮ್ಮ ಅಡುಗೆಮನೆಗೇ ಹೋಗಿ ದೂರು ಕೊಡುತ್ತಾಳೆ.

ಗೋಡೆಯ ನವಿಲು, ಹೂದಾನಿಗಳೆಲ್ಲ ಒಂದೊಂದೇ ಸುಣ್ಣ ಬಳಿಯುವಾಗ ಮಾಯವಾದವು. ತೆಗೆದವಳು ಯಾರೆಂದು ನಾನು ವಿಚಾರಿಸಲಿಲ್ಲ.

ನಿನ್ನೆ ಕೆದಂಬಾಡಿಯಿಂದ ಒಂದು ಕಾರ್ಡು ಬಂತು. ಅತ್ತೆ ನನ್ನ ಭಾವಮೈದುನನ ಕೈಯಲ್ಲಿ ಬರೆಸಿದ್ದು: "ಹಾಳೆ ತೆಗೆದಿಟ್ಟಿದ್ದೇನೆ. ನನಗೆ ಈಗ ಮೊಣಕಾಲು ನೋವು, ಬಸ್ಸು ಹತ್ತಲು ಆಗುವುದಿಲ್ಲ. ಮಳೆ ಹಿಡಿಯುವ ಮೊದಲು ಬಂದು ಕೊಂಡುಹೋಗಿ. ಯಾರಿಗೆಂದು ಬರೆಯಬೇಕಾಗಿಲ್ಲ."

ಭಾನುವಾರ ಹೋಗಿಬರುತ್ತೇನೆಂದೆ. ಭಾಗೀರಥಿ ಕಾರ್ಡನ್ನು ಎರಡು ಸಲ ಓದಿ ಲಕ್ಷ್ಮಿಯ ಪಟದ ಹಿಂದೆ ಸಿಕ್ಕಿಸಿದಳು.

"ನಾನೂ ಬರ್ತೇನೆ. ಹಾಳೆ ಆರಿಸುದನ್ನು ಅಮ್ಮನ ಹತ್ರ ಈಗಲೇ ಕಲೀಬೇಕು. ಹೊತ್ಕೊಂಡು ಬರ್ಲಿಕ್ಕೆ ನೀವು ಬನ್ನಿ" ಎಂದಳು. ಆಮೇಲೆ ಒಳಗೆ ಹೋಗುತ್ತಾ ಹೇಳಿದಳು: "ಕತ್ತರಿ ಮಾತ್ರ ಇಲ್ಲೇ ಇರ್ಲಿ."