ಐದು ಕಿಲೋಮೀಟರಿನ ಅಂಚಿನ ಮನೆ

ಹಾಸಿಗೆ ಹಿಡಿದವರ ಮನೆಗೆ ನರ್ಸ್‌ಗಳನ್ನು ಕಳಿಸುವ ಸಂಸ್ಥೆಯೊಂದರಲ್ಲಿ, ರಾಯದುರ್ಗದಲ್ಲಿ, ನನ್ನದು ಕಂಪ್ಯೂಟರ್ ಕೆಲಸ. ಒಬ್ಬೊಬ್ಬ ನರ್ಸ್‌ನ ಕೇಂದ್ರದಿಂದ ಐದು ಕಿಲೋಮೀಟರ್ ಒಳಗಿನ ಮನೆಗಳನ್ನು ಡೇಟಾಬೇಸೇ ಹುಡುಕಿ ಕೊಡಲಿ ಎಂದು ಹೋದ ಬೇಸಿಗೆಯಲ್ಲಿ ಹೊಸ ಏರ್ಪಾಟಾಯಿತು. ಅದಾದ ಕೆಲವೇ ವಾರಗಳಲ್ಲಿ ಡಿ. ಹಿರೇಹಾಳ್ ಕಡೆಯ ಹೆಂಗಸೊಬ್ಬರ ಫೋನ್ ಬಂತು. ಅವರ ಗಂಡನಿಗೆ ಲಕ್ವ ಹೊಡೆದಿತ್ತು. ಬೆನ್ನ ಹುಣ್ಣು ತೊಳೆಯಲು ಪ್ರತಿ ಗುರುವಾರ ಬರುತ್ತಿದ್ದ ನರ್ಸ್ ಬರುವುದನ್ನೇ ಬಿಟ್ಟಿದ್ದರು.

"ನಿಮ್ಮ ಮನಿ ದೂರ ಆಗ್ತೈತಂತ್ರಿ," ಎಂದೆ.

"ಮೊನ್ನಿ ತನಕ ಹತ್ರ ಇತ್ತಲ್ರಿ. ಯಾವಾಗ ಸರೀತ್ರಿ?"

ನಗು ಬಂತು, ಬೆನ್ನಿಗೇ ಸಂಕಟವೂ ಆಯಿತು. ನಕ್ಷೆ ತೆರೆದು ನೋಡಿದರೆ ಆ ಮನೆ ಐದು ಕಿಲೋಮೀಟರ್ ತೋರಿಸುವ ನೀಲಿ ವೃತ್ತದ ಗೆರೆಗೆ ತಾಗಿಕೊಂಡೇ, ಆದರೆ ಆಚೆಗಿತ್ತು. ವೃತ್ತ ದುಂಡಗಿದೆ, ಹಾಗಾಗಿ ಸರಿಯಾಗಿದೆ ಎಂದು ಎಲ್ಲರೂ ನಂಬಿದ್ದೆವು. ಪರೀಕ್ಷೆಯನ್ನೂ ಮಾಡಿದ್ದೆವು: ಆಫೀಸಿನಿಂದ ಬಸ್ ಸ್ಟ್ಯಾಂಡಿನವರೆಗೆ. ಅಷ್ಟು ಹತ್ತಿರದ ದಾರಿಯಲ್ಲಿ ತಪ್ಪು ಕಣ್ಣಿಗೆ ಬೀಳುವುದುಂಟೇ? ಅಂಗಳ ಅಳೆದು ಊರನ್ನೇ ಅಳೆದೆವೆಂದು ಬೀಗುವ ಜಾತಿ ನಮ್ಮದು.

ಜೊತೆಯಲ್ಲಿ ಕೆಲಸ ಮಾಡುವ ಮಡಕಶಿರಾದ ಹುಡುಗಿ ಬಗ್ಗಿ ನೋಡಿದಳು. "ದೂರಾನ ವೆಬ್ ಮ್ಯಾಪಿನ ಪ್ರೊಜೆಕ್ಷನ್‌ನಾಗೆ ಅಳ್ದವ್ರೆ ಕಣಣ್ಣ. ಅದು ನೋಡಾಕೆ ಚೆಂದ, ಅಳೆಯಾಕಲ್ಲ."

ಪ್ರೊಜೆಕ್ಷನ್ ಎಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆ ಮಾಡುವುದು; ಹಾಗೆ ಮಾಡುವಾಗ ಅದು ತಟ್ಟಿದ ರೊಟ್ಟಿಯಂತೆ ಹರಡುತ್ತದೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹೆಚ್ಚು. ನಮ್ಮ ಸೀಮೆಯಲ್ಲಿ ನೂರು ಮೀಟರ್ ನೂರಾ ಮೂರಾಗಿ ಕಾಣುತ್ತದೆ. ಐದು ಕಿಲೋಮೀಟರಿಗೆ ಬರುವಷ್ಟರಲ್ಲಿ ಆ ಹಿಗ್ಗು ಒಂದು ಮನೆಯನ್ನು ಹೊರಗೆ ನೂಕಲು ಸಾಕು. ನೆಲ ಇದ್ದಲ್ಲೇ ಇತ್ತು, ರೋಗಿಯೂ ಇದ್ದಲ್ಲೇ ಮಲಗಿದ್ದ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ಚಪ್ಪಟೆ ನಕ್ಷೆಯ ಬದಲು ಗುಂಡು ಭೂಮಿಯ ಮೇಲೇ ದೂರ ಅಳೆಯುವಂತೆ ಇಬ್ಬರೂ ಸೇರಿ ತಿದ್ದಿದೆವು. ಆ ಮನೆ ಒಳಗೆ ಬಂತು. ಜೊತೆಗೆ ಇನ್ನೂ ಕೆಲವು ಮನೆಗಳು ಬಂದವು. ಹಿಗ್ಗಿ ಹೀರೆಕಾಯಿಯಾಗಿ ಅಲ್ಲಿಂದಲೇ ಫೋನ್ ಮಾಡಿದೆ.

"ಈ ಗುರುವಾರ ಬರ್ತಾರ್ರಿ ನರ್ಸಮ್ಮ. ಯಜಮಾನ್ರಿಗೆ ಹೇಳ್ರಿ."

ಆಕೆ ದನಿ ತಗ್ಗಿಸಿದರು.

"ಅವರಿಗೆ ಹೇಳಂಗಿಲ್ರಿ. ಗುರುವಾರ ಬಂದ್ರ ಸಾಕು, ಗಡ್ಡ ಮಾಡಿಸ್ಕೊಂಡು ಬಾಗಲಾ ನೋಡ್ಕೋತ ಇರ್ತಾರ. ಸಂಜಿ ಆದ್ರೂ ಯಾರೂ ಬರ್ಲಿಲ್ಲಂದ್ರ ಗ್ವಾಡಿ ಕಡಿ ಮುಖ ತಿರುಗಿಸ್ತಾರ. ನರ್ಸಮ್ಮ ಬಾಗಲಾಗ ನಿಂತ ಮ್ಯಾಲ ಅವರು ಕಣ್ಣಾರೆ ನೋಡ್ಲಿ."

ಹೂಂ ಎಂದೆ.