ಅಕ್ಕ ನುಂಗಿದ ‘ಹ’

ಅಕ್ಕ ಮಾತ್ರೆ ನಿಲ್ಲಿಸಿದ್ದಾಳೆಂದು ಭಾವ ಫೋನ್ ಮಾಡಿದ್ದೇ, ಮೈಸೂರಿನ ಲ್ಯಾಬ್ ಬಿಟ್ಟು ಕುಂತೂರಿಗೆ ಓಡಿದೆ. ಅವಳದು ಮೈ ಕಾಯಬೇಕಾದ ಜೀವಕಣಗಳೇ ಮೈಮೇಲೆ ಬೀಳುವ ಕಾಯಿಲೆ. ಕೀಲುಗಳಾಯಿತು, ಈಗ ಕಿಡ್ನಿಯ ಸರದಿ. ಮಾತ್ರೆ ತಪ್ಪಿದರೆ ಉಳಿಯುವುದಿಲ್ಲ ಎಂಬ ಭಯ ನನಗೆ. ಮಾತ್ರೆಯಿಂದ ಮುಖ ಊದಿತೆಂಬ ಸಿಟ್ಟು ಅವಳಿಗೆ.

“ಆ ಮಂಗಳೂರ್ ಕಡೆ ಡಾಕ್ಟ್ರಮ್ಮಂಗೆ ನನ್ ಮಾತೇ ತಿಳಿಯಕಿಲ್ಲ ಕಣ್ಲಾ,” ಅಂದಳು ಅಕ್ಕ. “‘ಕೆಲ್ಸ ಮಾಡಿ ಮಾಡಿ ಕೈಕಾಲೆಲ್ಲ ಆಳು ತಾಯಿ’ ಅಂದ್ರೆ, ‘ಆಳು ಇದ್ದಾರಲ್ಲ, ಅವರಿಂದ್ಲೇ ಮಾಡಿಸಿ’ ಅಂತಾಳೆ.”

ನನಗೆ ನಗು ತಡೆಯಲಾಗಲಿಲ್ಲ. ಜೊತೆಗೆ ತಲೆಗೆ ಹುಳ ಬಿಟ್ಟಂತಾಯಿತು. ‘ಹಾಳು’ ಎಂಬುದರಲ್ಲಿ ‘ಹ’ ಕತ್ತರಿಸಿದರೆ ‘ಆಳು’. ಲ್ಯಾಬಿನಲ್ಲಿ ನಾನು ದಿನವಿಡೀ ನೋಡುವುದೂ ಇಂಥದ್ದನ್ನೇ. ಕಣವು ಜೀನಿನದೊಂದು ಪ್ರತಿ ತೆಗೆಯುತ್ತದೆ, ಅದೇ ಆರ್‌ಎನ್‌ಎ. ಅದರ ಕೆಲವು ತುಂಡು ಕತ್ತರಿಸಿ ಉಳಿದದ್ದನ್ನು ಜೋಡಿಸಿಕೊಳ್ಳುತ್ತದೆ. ಯಾವ ತುಂಡು ಇರಬೇಕು, ಯಾವುದು ಹೋಗಬೇಕು ಎಂಬುದರಲ್ಲಿ ಆರ್‌ಎನ್‌ಎಗೆ ಅಂಟಿ ಕೂರುವ ಪ್ರೋಟೀನೊಂದರ ಕೈವಾಡವಿದೆ. ರೋಗವನ್ನೇ ಕಾಣದ ಕಾವಲು ಕಣದ ಮೈಮೇಲೆ ಒಂದು ಪ್ರೋಟೀನು ಉದ್ದಕ್ಕಿರುತ್ತದೆ. ಒಮ್ಮೆ ಕಾದಾಡಿದ ಮೇಲೆ ಅದೇ ಜೀನಿನಿಂದ ಗಿಡ್ಡದ್ದು ಬರುತ್ತದೆ, ಕಣದ ಸ್ವಭಾವವೂ ಬದಲಾಗಿರುತ್ತದೆ. ಹಾಗಾದರೆ ಆ ಅಂಟುವ ಪ್ರೋಟೀನಿಗೆ ‘ಈಗ ಕತ್ತರಿಸು’ ಅಂತ ಹೇಳುವವರು ಯಾರು? ನನಗೆ ಹಿಡಿದಿರುವುದು ಅದೊಂದೇ ಹುಚ್ಚು.

ಬೀದಿಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿಗಿಂತ ಜೋರಾಗಿ ಇದನ್ನೆಲ್ಲ ಅಕ್ಕನ ಮುಂದೆ ಒದರಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

“ಅಂಗಾರೆ ನನ್ ಮೈಯೊಳಗಿನ ಆಳ್ಗೆ ಯಾರೋ ‘ಹ’ ಸೇರ್ಸವ್ರೆ ಅನ್ನು.” ಆ ‘ಹ’ವನ್ನು ಮಾತ್ರ ಕಷ್ಟಪಟ್ಟು, ಒತ್ತಿ ಹೇಳಿದಳು.

“ಇರ್ಬೌದು. ನಿನ್ ಕಾಯ್ಲೆಗೆ ಅದೇ ಕಾರಣವಾ ಅಂತ ನಂಗೊತ್ತಿಲ್ಲ ಕಣಕ್ಕ.”

“ಸರಿ ಮಾಡಕಾಯ್ತದಾ?”

“ಇನ್ನೂ ಗೊತ್ತಿಲ್ಲ.”

“ಮತ್ತೆ ಯಾವಾಗ ಗೊತ್ತಾದದು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೂ ಹಿಡಿದುಬಿಡುತ್ತಿದ್ದಳು. “ವರ್ಷಗಟ್ಲೆ ಆಗ್ಬೌದು,” ಅಂದೆ. ಇನ್ನು ಇವಳು ಮಾತ್ರೆ ಮುಟ್ಟುವುದಿಲ್ಲ ಅಂದುಕೊಂಡೆ.

ಅಕ್ಕ ಊದಿದ ಕೆನ್ನೆಯನ್ನು ಅಂಗೈಯಿಂದ ಒತ್ತಿಕೊಂಡಳು.

“ನಿಂಗೆ ಗೊತ್ತಾಗಗಂಟ ನಾನಿರ್ಬೇಕಲ್ಲ ಕಣ್ಲಾ. ಓಗು, ಒಳಗಿಂದ ಮಾತ್ರೆ ತಕಂಬಾ.”