ಲಾಂಡ್ರಿಗೆ ಬಂದ ವಾರಗಿತ್ತಿ

ನನ್ನ ವಾರಗಿತ್ತಿಯನ್ನು ಕಂಡರೆ ಎಲ್ಲರಿಗೂ ಇಷ್ಟ. ನನಗಿಲ್ಲ. ಹಾಗಂತ ಅವಳ ಬಗ್ಗೆ ಸುಳ್ಳು ಹೇಳುವುದಿಲ್ಲ. ನನ್ನ ಹೊಟ್ಟೆ ಉರಿಸಲು ನಿಜವೇ ಬೇಕಾದಷ್ಟಿದೆ.

ನಮ್ಮದು ಹೋಟೆಲುಗಳ ಬೆಡ್‌ಶೀಟು, ಟವೆಲು ಒಗೆಯುವ ಲಾಂಡ್ರಿ. ಮಾವ ಕಟ್ಟಿದ್ದು. ಹಿರಿಸೊಸೆಯಾಗಿ ಬಂದ ವರ್ಷವೇ ನಾನು ಒಣಗಿಸುವ ಕೋಣೆ ಹೊಕ್ಕವಳು, ಕೂದಲು ನರೆಯುವವರೆಗೆ ಅಲ್ಲೇ ಬೆಂದಿದ್ದೇನೆ. ಅವಳು ಮೈದುನನ ಕೈ ಹಿಡಿದು ಬಂದದ್ದು ಎಷ್ಟೋ ವರ್ಷಗಳ ನಂತರ. ಅದಕ್ಕೂ ಮುಂಚೆ ಯಾವುದೋ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದಳಂತೆ. ತೆಳ್ಳಗಿನ ಹೆಣ್ಣು, ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಊಟವೂ ನಿಂತುಕೊಂಡೇ. ಕಂಡ ಕಂಡ ಪೈಪಿನ ಹತ್ತಿರ ಅಂಗೈ ಹಿಡಿಯುವುದು ಅವಳ ಚಾಳಿ. "ಇಲ್ಲಿ ಬಿಸಿ ಸೋರ್ತಿದೆ ಮಾವ," ಎನ್ನುವಳು. ಮಗು ಮೊದಲ ಮಾತಾಡಿತೇನೋ ಎಂಬಂತೆ ಮಾವ ಹಿಗ್ಗುವರು. ಅದೇ ಪೈಪು ನನ್ನ ಮೊಣಕೈ ಸುಟ್ಟಾಗ "ನೋಡ್ಕೊಂಡು ಓಡಾಡಮ್ಮ" ಅಂದಿದ್ದರು, ಅಷ್ಟೇ.

ಹೋದ ವರ್ಷ ನಮ್ಮ ದೊಡ್ಡ ಗಿರಾಕಿ ಹೋಟೆಲಿನ ಮ್ಯಾನೇಜರ್ ಬಂದ. ಗಾಳಿಗೆ ಎಷ್ಟು ಹೊಗೆ ಬಿಡುತ್ತಾರೆಂಬ ಅವರ ಇಂಗಾಲದ ಲೆಕ್ಕದಲ್ಲಿ ನಮ್ಮ ಹೊಗೆಯೂ ಸೇರುತ್ತದಂತೆ. ವರ್ಷದೊಳಗೆ ಗ್ಯಾಸು, ಕರೆಂಟು ಕಾಲುಭಾಗ ಇಳಿಸಬೇಕು, ಇಲ್ಲದಿದ್ದರೆ ಬಟ್ಟೆ ಬೇರೆ ಕಡೆಗೆ ಎಂದ. ಆ ಸಂಜೆ ಮಾವ ಮನೆಯವರನ್ನೆಲ್ಲ ಕೂರಿಸಿಕೊಂಡರು.

"ನನ್ನ ಕೈಲಿ ಇನ್ನಾಗಲ್ಲ. ಇದನ್ನ ಯಾರು ಮಾಡಿ ತೋರಿಸ್ತಾರೋ, ಲಾಂಡ್ರಿ ಯಜಮಾನಿಕೆ ಅವರದು."

ಆ ಯಜಮಾನಿಕೆ ನನ್ನದೇ ಎಂದು ನಾನು ಎಂದೋ ಅಂದುಕೊಂಡಾಗಿತ್ತು. ವ್ಯಾನು ಓಡಿಸುವ ನನ್ನ ಗಂಡನ ಮುಖ ನೋಡಿದೆ. ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಇಬ್ರೂ ಸೇರಿ ಮಾಡಿ," ಎಂದರು.

ವಾರದೊಳಗೆ ಅವಳ ಯೋಜನೆ ಸಿದ್ಧ. ಪೈಪುಗಳಿಗೆ ಶಾಖ ಸೋರದಂತೆ ಹೊದಿಕೆ ಸುತ್ತಬೇಕು. ಅರ್ಧ ತುಂಬಿದ ಮೆಷಿನ್ ಓಡಿಸಬಾರದು. ಮೋರಿಗೆ ಹೋಗುವ ಬಿಸಿನೀರಿನ ಶಾಖದಿಂದಲೇ ಮುಂದಿನ ಒಗೆತದ ನೀರನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆ. ನನ್ನ ಕೋಣೆಗೂ ಮೂಗು ತೂರಿಸಿದಳು.

"ಅಕ್ಕ, ಬೆಡ್‌ಶೀಟನ್ನ ಗರಿಗರಿಯಾಗಿ ಒಣಗಿಸ್ತೀವಿ. ಆಮೇಲೆ ಇಸ್ತ್ರಿಗೆ ಅಂತ ಮತ್ತೆ ನೀರು ಚಿಮುಕಿಸ್ತೀವಿ. ಸ್ವಲ್ಪ ಹಸಿ ಇರುವಾಗ್ಲೇ ತೆಗೆದ್ರೆ ಆಗಲ್ವಾ?"

"ನಿನಗೆ ಮೂಗು ಒರೆಸ್ಕೊಳ್ಳೋಕೆ ಬರದೇ ಇದ್ದಾಗಿಂದ ನಾನು ಬಟ್ಟೆ ಒಣಗಿಸ್ತಿದೀನಿ!"

"ಅದಕ್ಕೇ ಅಕ್ಕ ನಿಮ್ಮನ್ನ ಕೇಳಿದ್ದು," ಎಂದಳು. ಹೀಗೆ ಮಾತಾಡುವವಳ ಹತ್ತಿರ ಜಗಳವಾಡುವುದಾದರೂ ಹೇಗೆ?

ಇಷ್ಟು ವರ್ಷ ಅದು ನನಗೇ ಹೊಳೆಯಲಿಲ್ಲವಲ್ಲ ಎಂಬುದು ಒಳಗೊಳಗೇ ಕೊರೆಯಿತು. ಅವಳನ್ನು ಮೀರಿಸಿಯೇ ತೀರುತ್ತೇನೆ ಎಂದು ಹಠಕ್ಕೆ ಬಿದ್ದೆ. ಸ್ವಲ್ಪ ಹಸಿ ಯಾಕೆ, ಬೆಡ್‌ಶೀಟುಗಳಿಗೆ ಗ್ಯಾಸ್ ಡ್ರೈಯರೇ ಬೇಡ! ನೀರು ಹಿಂಡುವ ಮೆಷಿನ್ನಿನಲ್ಲಿ ಇನ್ನಷ್ಟು ಹೊತ್ತು ತಿರುಗಿಸಿ, ನೇರವಾಗಿ ಇಸ್ತ್ರಿಯ ಬಿಸಿ ರೋಲರಿಗೆ ಕೊಟ್ಟೆ. ಮೊದಲ ದಿನ ಎಲ್ಲ ಸುಕ್ಕಾಗಿ ಬಂದವು, ಇಸ್ತ್ರಿಯ ಹೆಂಗಸರು ಮುಖ ತಿರುಗಿಸಿಕೊಂಡು ನಕ್ಕರು. ರೋಲರಿನ ವೇಗ ತಗ್ಗಿಸಿದೆ, ಸರಿಹೋಯಿತು. ಬಿಸಿಲಿದ್ದ ದಿನ ಟವೆಲುಗಳನ್ನು ತಾರಸಿಗೆ ಹೊತ್ತೆ. ಮಂಡಿ ನೋವಿಗೆ ಮುಲಾಮು ತಿಕ್ಕಿಕೊಳ್ಳುವಾಗಲೂ ಅವಳ ಮುಖ ಸಪ್ಪಗಾಗುವುದನ್ನೇ ನೆನೆದು ಸುಖಪಡುತ್ತಿದ್ದೆ.

ವರ್ಷ ತುಂಬಿತು. ಬಿಲ್ಲುಗಳನ್ನು ನೋಡಿದ ಮ್ಯಾನೇಜರ್, ಕಾಲುಭಾಗ ಕೇಳಿದರೆ ಮೂರರಲ್ಲೊಂದು ಭಾಗ ಇಳಿಸಿದ್ದೀರಲ್ಲ ಎಂದು ಬೆರಗಾದ. "ಯಾರ ಯೋಜನೆ ಇದು?" ಎಂದು ಕೇಳಿದ. ಮಾವ ಕಿರಿಸೊಸೆಯ ಕಡೆ ಕೈ ತೋರಿಸಿದರು.

ಆಗ ನನ್ನ ತಲೆಗೆ ಹೊಳೆಯಿತು. ಇಡೀ ಲಾಂಡ್ರಿಗೆ ಗ್ಯಾಸಿನ ಮೀಟರು ಒಂದೇ! ನಾನು ಹಠ ತೊಟ್ಟು ಉಳಿಸಿದ್ದೆಲ್ಲ ಅವಳ ಯೋಜನೆಯ ಖಾತೆಗೇ ಜಮೆಯಾಗಿತ್ತು. ಹೇಳಿಯೇಬಿಡೋಣವೆಂದು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ.

ಅಷ್ಟರಲ್ಲಿ ಹೇಳಿದವಳು ಅವಳೇ. "ನನ್ನ ಯೋಜನೆ ಒಂದರಿಂದಲೇ ಕಾಲುಭಾಗವೂ ಆಗ್ತಿರ್ಲಿಲ್ಲ ಮಾವ. ಬೆಡ್‌ಶೀಟಿಗೆ ಡ್ರೈಯರ್ ಬಿಡಿಸಿದ್ದು ಅಕ್ಕ. ದಿನಾ ನೋಡ್ತಿದ್ದೆ. ಯಜಮಾನಿಕೆ ಅವರಿಗೇ ಕೊಡಿ."

ಅವಳ ಮುಖದಲ್ಲಿ ಕೊಂಕಿಗಾಗಿ ಹುಡುಕಿದೆ, ಕಣ್ಣಿಟ್ಟು ಹುಡುಕಿದೆ. ಒಂದು ಚೂರೂ ಸಿಗಲಿಲ್ಲ. ಮಾವ ಎಲ್ಲರೆದುರು ಲಾಂಡ್ರಿಯ ಬೀಗದ ಕೈ ನನಗೆ ಕೊಟ್ಟರು, ನನ್ನ ಗಂಡ ಚಪ್ಪಾಳೆ ತಟ್ಟಿದರು.

ಈಗ ನಾನೇ ಯಜಮಾನಿ. ಲಾಂಡ್ರಿಗೆ ಹೊಸಬರು ಯಾರೇ ಬರಲಿ, ಮಾವ ನನ್ನನ್ನು ಕರೆದು ಪರಿಚಯ ಮಾಡಿಕೊಡುತ್ತಾರೆ. "ಇವಳು ನಮ್ಮ ಹಿರಿಸೊಸೆ. ಈಗ ಎಲ್ಲ ನೋಡ್ಕೊಳ್ಳೋದು ಇವಳೇ. ಕಿರಿಯವಳ ಮನಸ್ಸು ಎಷ್ಟು ದೊಡ್ಡದು ನೋಡಿ, ತಾನಾಗೇ ಬಿಟ್ಟುಕೊಟ್ಳು."

ಬಂದವರು ನನಗೊಂದು ನಮಸ್ಕಾರ ಹಾಕಿ, ಆ ಕಿರಿಯವಳು ಎಲ್ಲಿದ್ದಾಳೆಂದು ಸುತ್ತ ನೋಡುತ್ತಾರೆ.